ತಂಗಳಲ್ಲ

ಚೀನಾದ ಮಂದಿ ಅದಕ್ಕೇನಂತಾರ ಅನ್ನೋದನ್ನ
ಮಗಳು ಮೂರು ಸಲ ಹೇಳಿಕೊಟ್ಟಳು.
ಮೂರು ಸಲಾನೂ ನನ್ನ ಬಾಯಾಗ
ತಂಗಳು ಅಂತನ ಬಂತು.
ತಂಗಳಲ್ಲವಾ, ತಂಗ್‌ಹುಲು!
ನೆಲಕ್ಕ ಕುಂತು ಹೊಟ್ಟಿ ಹಿಡಕೊಂಡು ನಕ್ಕಳು ತನುಜಾ.
ಬುಟ್ಟ್ಯಾಗಿನ ನಿನ್ನಿ ರೊಟ್ಟಿ
ಕೇಳಿಸಿಕೊಂಡೂ ಸುಮ್ಮನಿತ್ತು.

ಅಲ್ಲಿ ಅದೇನೋ ಕೆಂಪು ಗುಡ್ಡದ ಹಣ್ಣಂತ, ಹುಳಿಯಂತ.
ವಿಜಾಪುರದಾಗ ಎಲ್ಲಿಂದ ತರಲಿ?
ಸಂತ್ಯಾಗ ಗೋಣಿ ಹಾಸಿ ಕುಂತಾಕಿ ಹತ್ರ
ಬಾರಿಹಣ್ಣು, ಹತ್ತು ರೂಪಾಯಿಗೆ ಬೊಗಸಿ,
ಅರ್ಧ ಕೆಂಪು ಅರ್ಧ ಹಳದಿ,
ಒಂದೊಂದಕ್ಕ ಹುಳದ ತೂತು.
ತಿಕೋಟಾ ಕಡಿ ದ್ರಾಕ್ಷಿ ಒಂದು ಗೊಂಚಲ, ಇರಲಿ ಅಂತ.
ಕಡ್ಡಿಗೆ ಜೋಳದ ದಂಟು ಸೀಳಿದೆ,
ಸಿಬರು ಒಂದು ಹೆಬ್ಬೆರಳಿಗೇ ಹೋತು.

ಹಣ್ಣಿನ ಮ್ಯಾಲ ಹನಿ ನೀರೂ ಇರಬಾರದಂತ.
ತೊಳದು ಹರವಿ, ಅರಿವಿ ತರಾಕ ಒಳಗ ಹೋಗಿ ಬರೋದರಾಗ
ಗಾಳಿ ಎಲ್ಲಾ ಕುಡದು ಮುಗಿಸಿತ್ತು.
ತುಟಿ ಒಡಸೋ, ಹಿಮ್ಮಡ ಸೀಳೋ ಈ ಒಣಗಾಳಿ
ಇದೊಂದು ದಿನ
ನನ್ನ ಪಕ್ಷ ಹಿಡೀತು.

ಎರಡು ಬಟ್ಟಲ ಸಕ್ಕರಿ, ಒಂದು ಬಟ್ಟಲ ನೀರು.
ಎಳಿ ಪಾಕ, ಎರಡೆಳಿ ಪಾಕ, ಉಂಡಿ ಪಾಕ,
ಅಲ್ಲಿಗೆ ನನ್ನ ಸಾಲಿ ಮುಗದಿತ್ತು.
ಕಲಕಬ್ಯಾಡ ಅಂದಳು ಮಗಳು.
ಇಪ್ಪತ್ತು ವರ್ಷ ಸವಟು ತಿರುವಿದ ಕೈ,
ಕೇಳತೈತೇನು? ಕಲಕಿದೆ.
ಸಕ್ಕರಿ ಮತ್ತ ಸಕ್ಕರಿ ಆಗಿ ಪಾತೇಲಿ ತಳಕ್ಕ ಕುಂತಿತು,
ಮುನಿಸಿಕೊಂಡ ಬೀಗರಂಗ,
ಬೆಳ್ಳಗ, ಮಾತಿಲ್ಲದ.

ಎರಡನೇ ಸಲ ಅಂಜಿ ಲಗೂನ ಇಳಿಸಿದೆ.
ತನುಜಾನ ದವಡಿ ಒಂದಕ್ಕೊಂದು ಅಂಟಿ
ಗಳಿಗಿ ಹೊತ್ತು ಬಿಚ್ಚಲಿಲ್ಲ.
ಮನಿ ಎಷ್ಟು ತಣ್ಣಗಿತ್ತು ಆವಾಗ!

ಮೂರನೇ ಪಾಕ ಕುದಿಯೋ ಹೊತ್ತಿಗೆ
ಬಳಿ ಮಾರೋ ಜೈತೂನಬಿ ಬಂದಳು,
ಉದ್ರಿ ನಲವತ್ತು ರೂಪಾಯಿ ಕೇಳಾಕ.
ಬುಟ್ಟಿ ಇಳಿಸಿ, ಒಲಿ ಮುಂದ ಕುಂತು,
ಪಾಕದ ಹನಿ ತಣ್ಣೀರಿಗೆ ಬಿಡಸಿ
ಕಿವಿ ಹತ್ರ ಹಿಡದು ಮುರದಳು.
ಇದು ಪ್ಲಾಸ್ಟಿಕ್, ಅಂದಳು.
ಇನ್ನೊಂದು ಕುದಿ.
ಇದು ಇನ್ನೂ ಮನಸು ಮಾಡಿಲ್ಲ, ಅಂದಳು.
ಇನ್ನೊಂದು.
ಬಂಗಾರದ ಬಣ್ಣ ಅಂಚಿಗೆ ಇಣುಕೋ ಹೊತ್ತು
ಟಿಣ್
ಅಂತು ಹನಿ.
ಅಬ್ ಹುವಾ ಕಾಂಚ್.

ಆಮ್ಯಾಲ ಎಲ್ಲಾ ಓಡ್ಯಾಟ.
ಅದ್ದು, ತಿರುವು, ಎತ್ತು,
ಅರ್ಧ ಕುಂಬಳಕಾಯಿಗೆ ಚುಚ್ಚು.
ಸಾಲಾಗಿ ನಿಂತ್ವು ಬಾರಿಹಣ್ಣು,
ಮೈತುಂಬ ಗಾಜು ತೊಟ್ಟು.
ಹುಳದ ತೂತಿಗೂ ಕನ್ನಡಿ ಹಾಕಿಸಿದಂಗಾತು.
ಕಿಟಕ್ಯಾಗಿನ ಬಿಸಲು ಅವುಗಳ ಮ್ಯಾಲ ಕುಂತು
ಏಳವಲ್ಲದು.

ಜೈತೂನಬಿಗೆ ಉಳದ ಹಲ್ಲು ನಾಕು.
ಕಚ್ಚಲಿಲ್ಲ. ಗಲ್ಲದಾಗ ಇಟಗೊಂಡು ಕಾದಳು,
ಬಿಗಿ ಮುಂಗೈಗೆ ಸಾಬೂನು ಹಚ್ಚಿ
ಬಳಿ ಇಳೀಲಿ ಅಂತ ಕಾಯತಾಳಲ್ಲ,
ಆ ಸಬೂರಿ.
ಬುಟ್ಟ್ಯಾಗ ಹಸರು, ಕೆಂಪು, ಚುಕ್ಕಿ ಬಳಿ
ಕಣ್ಣು ಪಿಳುಕಿಸದ ನೋಡಿದ್ವು.
ಬಾಯಾಗಿಂದ ಸಣ್ಣ ಸಪ್ಪಳ ಬಂತು.

ಒಡೀತು! ಅಂದಳು ತನುಜಾ.
ಆಕಿ ಬಾಯಿಗೆ ಕೈ ಅಡ್ಡ ಹಿಡದು
ಜೈತೂನಬಿ ಗದರಿದಳು:
ಒಡೀತು ಅನಬಾರದು ಹುಡುಗಿ,
ಹೆಚ್ಚಿತು ಅನಬೇಕು.

ಹುಳಿ, ಸಿಹಿ, ಗಾಜು, ಬೀಜ.
ಬೀಜಾನೂ ಉಗುಳದ ಚೀಪುತ್ತಾ ಹೋದಳು,
ನಲವತ್ತು ರೂಪಾಯಿ ಮರತು.
ನಾನೂ ನೆನಪು ಮಾಡಲಿಲ್ಲ, ಸುಳ್ಳ್ಯಾಕ ಹೇಳಲಿ.

ಮುಂಜಾನೆ ನೋಡಿದರ
ಕುಂಬಳಕಾಯಿ ಮ್ಯಾಲ ಒಂದು ಕಡ್ಡಿ ಉಳದಿತ್ತು.
ಒಳಗಿನ ಹಣ್ಣು ನೀರು ಬಿಟ್ಟು
ಗಾಜು ಬೆವತು, ಜಿಗುಟಾಗಿ, ತಳಕ್ಕ ಹರದು,
ಇರುವಿ ಎಲ್ಲಾ ಸುದ್ದಿ ತಿಳಕೊಂಡು ಬಂದಿದ್ವು.
ಅದನ್ನ ಹಿಡಕೊಂಡು ಹೋಗಿ ಮಗಳನ್ನ ಎಬ್ಬಿಸಿದೆ.
ಏಳವಾ, ಏಳು,
ಈಗ ಇದರ ಹೆಸರು ಹೇಳತೀನಿ,
ತಪ್ಪಿದರ ತಿದ್ದು.